ನಾನೇ ಕುಗ್ಗಿರುವಾಗ ಬೇರೆಯವರನ್ನು ಹುರಿದುಂಬಿಸಿದರೆ ನನಗೆ ಪ್ರಯೋಜನವಿದೆಯೇ?

ಖಂಡಿತ ಇದೆ. ನೆರವು ಪಡೆದವರಿಗಿಂತ ಕೊಟ್ಟವರಿಗೇ ಕೆಲವೊಮ್ಮೆ ಹೆಚ್ಚು ಗುಣ ಕಾಣುತ್ತದೆ ಎಂಬುದನ್ನು ಅಮೆರಿಕದ ಸಮಾಜವಿಜ್ಞಾನಿ ಫ್ರಾಂಕ್ ರೀಸ್‌ಮನ್ 1965ರಲ್ಲೇ ವಿವರಿಸಿದ್ದರು. ಕುಡಿತ ಬಿಡಲು ಪರಸ್ಪರ ನೆರವಾಗುವವರ ಸಂಘ ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದೂ ಹೀಗೆಯೇ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಮತ್ತೆ ಕುಡಿಯುವ ತುಡಿತ ಎದ್ದಾಗ, ಕುಡಿತ ಬಿಟ್ಟಿದ್ದ ಬಿಲ್ ವಿಲ್ಸನ್ ಇನ್ನೊಬ್ಬ ಕುಡಿತಪೀಡಿತನನ್ನು ಹುಡುಕಿಕೊಂಡು ಹೋದರು. ಆ ಭೇಟಿ ಇಬ್ಬರನ್ನೂ ಉಳಿಸಿತು.

ಕಾಯಿಲೆ ಬಿದ್ದವರು ಸದಾ ಪಡೆಯುವವರಾಗಿಯೇ ಉಳಿದುಬಿಡುತ್ತಾರೆ. ಅದೇ ಅವರನ್ನು ಹೆಚ್ಚು ಕುಗ್ಗಿಸುವುದು. ಮಂಡ್ಯದಲ್ಲಿರುವ ನಮ್ಮ ಚಿಕ್ಕಮ್ಮ ಪಾರ್ಶ್ವವಾಯುವಿನ ನಂತರ ತಿಂಗಳುಗಟ್ಟಲೆ ಮಂಕಾಗಿದ್ದರು. ಫಿಸಿಯೋಥೆರಪಿಗೆ ಹೊಸದಾಗಿ ಬಂದ ಹುಡುಗಿಗೆ, "ನೋಡು ಮಗಳೇ, ನನ್ನ ಬೆರಳುಗಳೂ ಮೊದಲು ಮಡಚುತ್ತಿರಲಿಲ್ಲ" ಎಂದು ಹೇಳತೊಡಗಿದ ಮೇಲೆ, ಮನೆಯಲ್ಲಿ ಯಾರೂ ಒತ್ತಾಯಿಸದೆ ತಾವೇ ವ್ಯಾಯಾಮಕ್ಕೆ ಕೂರುತ್ತಿದ್ದರು. ಆ ಮಾತನ್ನು ಮೊದಲು ಕೇಳಿಸಿಕೊಂಡದ್ದು ಅವರದೇ ಕಿವಿ!

"ಎಲ್ಲ ಸರಿಹೋಗುತ್ತದೆ" ಎಂಬ ಹಾರಿಕೆಯ ಮಾತು ಮಾತ್ರ ಬೇಡ. ಕಣ್ಣಿಗೆ ಕಂಡದ್ದನ್ನು ಹೇಳಿ: "ನಿನ್ನೆಗಿಂತ ಇವತ್ತು ನಾಲ್ಕು ಹೆಜ್ಜೆ ಹೆಚ್ಚು ನಡೆದಿರಿ."

ತೀವ್ರ ಖಿನ್ನತೆಯಿದ್ದರೆ ಇದು ಚಿಕಿತ್ಸೆಗೆ ಬದಲಿಯಲ್ಲ. ವೈದ್ಯರನ್ನು ಕಾಣಿ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.