ಪಾಪದಿಂದ ಶುರುಮಾಡಬೇಡಿ

ಮಾನ್ಯರೇ,

‘ಪತಿತ ಮಾನವ ಮತ್ತು ರಕ್ಷಣೆಯ ಮಾರ್ಗ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದ್ದೇವೆ. ಚರ್ಚಿಗೆ ಹೋಗದ, ಬೈಬಲ್ಲನ್ನು ಎಂದೂ ತೆರೆಯದ ಓದುಗರಿಗೂ ವಿಷಯ ತಲುಪಬೇಕು ಎಂದು ಜೊತೆಯ ಪತ್ರದಲ್ಲಿ ಬರೆದಿದ್ದೀರಿ. ಅಂಥ ಲೇಖನ ಕನ್ನಡಕ್ಕೆ ಬೇಕು. ಆದರೆ ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು. ಕೈಬಿಡುವುದಕ್ಕೂ ಮನಸ್ಸಿಲ್ಲ. ಹಾಗಾಗಿ ಎಲ್ಲಿ ಎಡವಿದೆ, ಏಕೆ ಎಡವಿದೆ ಎಂಬುದನ್ನು ಬಿಡಿಸಿ ಹೇಳುತ್ತೇವೆ.

ತೊಂದರೆ ಮೊದಲ ವಾಕ್ಯದಲ್ಲೇ ಇದೆ. “ಪಾಪವೇ ಮನುಷ್ಯನ ಸ್ವಭಾವ” ಎಂದು ಆರಂಭಿಸಿದ್ದೀರಿ. ಬೈಬಲ್ ಹಾಗೆ ಆರಂಭವಾಗುವುದಿಲ್ಲ. ಅದರ ಮೊದಲ ಪುಸ್ತಕವಾದ ಆದಿಕಾಂಡದ 1ನೇ ಅಧ್ಯಾಯದಲ್ಲಿ ಮನುಷ್ಯರು, ಗಂಡೂ ಹೆಣ್ಣೂ, ದೇವರ ಸ್ವರೂಪದಲ್ಲಿ ಸೃಷ್ಟಿಯಾಗುತ್ತಾರೆ. ಸೃಷ್ಟಿಸಿದ್ದೆಲ್ಲ ಬಹಳ ಒಳ್ಳೆಯದಾಗಿತ್ತು ಎಂಬ ಮಾತಿನೊಂದಿಗೆ ಆ ಅಧ್ಯಾಯ ಮುಗಿಯುತ್ತದೆ. ಪಾಪ ಬರುವುದು ಆಮೇಲೆ, ಚೆನ್ನಾಗಿದ್ದದ್ದು ಕೆಟ್ಟ ಕಥೆಯಾಗಿ. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಮುಂದಿನದೆಲ್ಲ ಕುಸಿಯುತ್ತದೆ. ಪಾಪವೇ ಸ್ವಭಾವವಾದರೆ ಆ ಸ್ವಭಾವವನ್ನು ಕೊಟ್ಟ ದೇವರೇ ಪಾಪಕ್ಕೆ ಹೊಣೆಯಾಗುತ್ತಾನೆ. ರಕ್ಷಣೆಯೆಂದರೆ ಮನುಷ್ಯತ್ವದಿಂದಲೇ ತಪ್ಪಿಸಿಕೊಳ್ಳುವುದು ಎಂದಾಗುತ್ತದೆ. ಇವೆರಡಕ್ಕಿಂತ ದೊಡ್ಡ ಪೆಟ್ಟು ಕ್ರಿಸ್ತನ ವಿಷಯದಲ್ಲಿ ಬೀಳುತ್ತದೆ. ಸಭೆಯ ಬಿಷಪರು ಸೇರಿದ್ದ 451ರ ಕಾಲ್ಸಿಡೋನ್ ಮಹಾಸಭೆ ಯೇಸುವನ್ನು ಪೂರ್ಣ ದೇವರು, ಪೂರ್ಣ ಮನುಷ್ಯ, ಪಾಪವೊಂದನ್ನು ಬಿಟ್ಟು ಎಲ್ಲದರಲ್ಲೂ ನಮ್ಮಂತೆಯೇ ಇರುವವನು ಎಂದು ಹೇಳಿತು. ಪಾಪವಿಲ್ಲದೆ ಮನುಷ್ಯನೇ ಇಲ್ಲ ಎಂಬ ನಿಮ್ಮ ವಾಕ್ಯ ನಿಜವಾದರೆ ಆ ಮಾತು ನಿಲ್ಲುವುದಿಲ್ಲ. ನೀವು ಪಾರಿಭಾಷಿಕ ಭಾಷೆಯಲ್ಲಿ ‘ಪಾಪ ಸ್ವಭಾವ’, ಅಂದರೆ ಮನುಷ್ಯ ಕೆಟ್ಟ ಮೇಲೆ ಅವನಿಗೆ ಅಂಟಿದ ಒಲವು, ಎಂಬರ್ಥದಲ್ಲಿ ಹೇಳಿದ್ದು ನಮಗೆ ಗೊತ್ತಾಗುತ್ತದೆ. ಆ ಪರಿಭಾಷೆ ಇಲ್ಲದ ಓದುಗರಿಗೆ ಗೊತ್ತಾಗುವುದಿಲ್ಲ.

ಆದ್ದರಿಂದ ಮೊದಲ ಪುಟವನ್ನು ತೆಗೆದುಹಾಕಿ, ದೇವರ ಸ್ವರೂಪದಿಂದ ಶುರುಮಾಡಿ. ಜೊತೆಗೆ ಆದಿಕಾಂಡ 9:6 ಇರಲಿ. ನರಹತ್ಯೆ ಏಕೆ ಕೂಡದು ಎಂಬುದಕ್ಕೆ ಅಲ್ಲಿ ಕೊಡುವ ಕಾರಣ, ಮನುಷ್ಯ ದೇವರ ಸ್ವರೂಪದಲ್ಲಿದ್ದಾನೆ ಎಂಬುದು. ಇದು ಮೊದಲ ಮನುಷ್ಯರು ಏದೆನ್ ತೋಟದಲ್ಲಿ ದೇವರ ಆಜ್ಞೆ ಮೀರಿ ಬಿದ್ದು, ಜಲಪ್ರಳಯವೂ ಮುಗಿದ ಮೇಲಿನ ಮಾತು. ಅಂದರೆ ಸ್ವರೂಪ ಕೆಟ್ಟಿದೆ, ಅಳಿಸಿಹೋಗಿಲ್ಲ. “ಸ್ವರೂಪವನ್ನು ಪೂರ್ತಿ ಕಳೆದುಕೊಂಡ ಮಾನವ” ಎಂದು 2ನೇ ಪುಟದಲ್ಲಿ ಬರೆದದ್ದನ್ನು ಈ ಒಂದು ವಚನವೇ ತಡೆಯುತ್ತದೆ.

ಏದೆನ್ ತೋಟದ ಪ್ರಸಂಗವನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ, ಆ ಎರಡರಲ್ಲಿ ಸೇಬು ಬಂದಿದೆ. ಆದಿಕಾಂಡ ಹಣ್ಣಿನ ಹೆಸರನ್ನು ಹೇಳುವುದಿಲ್ಲ. ಪಶ್ಚಿಮದ ಚಿತ್ರಕಾರರು ಸೇಬನ್ನು ಬಿಡಿಸುತ್ತ ಬಂದರು. ಲ್ಯಾಟಿನ್ನಿನಲ್ಲಿ ಸೇಬು ಮತ್ತು ಕೇಡು ಎರಡಕ್ಕೂ ‘ಮಾಲುಮ್’ ಎಂಬ ಒಂದೇ ತೆರನಾದ ಪದವಿರುವುದು ಅದಕ್ಕೆ ಇಂಬುಕೊಟ್ಟಿತು. ಇನ್ನೊಂದು ಸಂಗತಿ ನಿಮ್ಮ ಲೇಖನಕ್ಕೆ ಬಹಳ ಉಪಯೋಗಕ್ಕೆ ಬರುತ್ತದೆ: 3ನೇ ಅಧ್ಯಾಯದಲ್ಲಿ ‘ಪಾಪ’ ಎಂಬ ಪದವೇ ಇಲ್ಲ. ಅದು ಮೊದಲು ಬರುವುದು 4:7ರಲ್ಲಿ, ಆದಾಮನ ಮಗ ಕಾಯಿನನ ಬಾಗಿಲಲ್ಲಿ ಹೊಂಚುಹಾಕಿರುವ ಮೃಗದ ಹಾಗೆ. 3ನೇ ಅಧ್ಯಾಯ ಪಾಪಕ್ಕೆ ಹೆಸರಿಡದೆ ಅದು ನಡೆಯುವ ಬಗೆಯನ್ನು ತೋರಿಸುತ್ತದೆ. ಮೊದಲು ದೇವರ ಮಾತಿನ ಮೇಲೆ ಅನುಮಾನ. ಆಮೇಲೆ ಆಜ್ಞೆಗೆ ಇಲ್ಲದ್ದನ್ನು ಸೇರಿಸುವುದು: ತಿನ್ನಬಾರದು ಎಂದಷ್ಟೇ ಇದ್ದದ್ದಕ್ಕೆ ಸ್ತ್ರೀ ‘ಮುಟ್ಟಲೂಬಾರದು’ ಎಂದು ಸೇರಿಸುತ್ತಾಳೆ. ತಿಂದ ಮೇಲೆ ನಾಚಿಕೆ, ಅಂಜೂರದ ಎಲೆ, ಮರಗಳ ಮರೆ, ಹೆದರಿಕೆ. ಕೊನೆಗೆ ದೂರು: ನೀನು ಕೊಟ್ಟ ಸ್ತ್ರೀಯೇ ಕೊಟ್ಟಳು ಎಂದು ಗಂಡಸು ಒಂದೇ ಉಸಿರಿನಲ್ಲಿ ಹೆಂಡತಿಯನ್ನೂ ದೇವರನ್ನೂ ದೂರುತ್ತಾನೆ. ದೇವರೊಂದಿಗಿನ ನಂಟು, ಗಂಡಹೆಂಡಿರ ನಂಟು, ನೆಲದೊಂದಿಗಿನ ನಂಟು ಒಂದಾದ ಮೇಲೊಂದು ಹರಿಯುತ್ತವೆ. ಈ ಅಧ್ಯಾಯಕ್ಕೆ ಒಂದಿಡೀ ಪುಟ ಕೊಡಿ. ಬೈಬಲ್ ತಿಳಿಯದ ಓದುಗರೂ ಇಲ್ಲಿ ತಮ್ಮ ಮನೆಯನ್ನು ಗುರುತಿಸುತ್ತಾರೆ.

ಇನ್ನು ‘ಪಾಪ’ ಎಂಬ ಪದ. ನಿಮ್ಮ ಲೇಖನದ ನಿಜವಾದ ಕಷ್ಟ ಇಲ್ಲಿದೆ, ಅದನ್ನು ನೀವು ಗಮನಿಸಿದಂತೆ ಕಾಣಲಿಲ್ಲ. ಕನ್ನಡದಲ್ಲಿ ಪಾಪಕ್ಕೆ ಎದುರು ಪುಣ್ಯವಿದೆ. ಪಾಪ ಕೂಡಿಬೀಳುತ್ತದೆ, ಪುಣ್ಯದಿಂದ ಕಳೆಯುತ್ತದೆ, ‘ಪಾಪದ ಕೊಡ ತುಂಬಿತು’ ಎನ್ನುತ್ತೇವೆ. ಬಿದ್ದ ಮಗುವನ್ನು ಕಂಡರೆ ‘ಅಯ್ಯೋ ಪಾಪ’ ಎನ್ನುವುದೂ ಇದೇ ಪದದಿಂದ. ಲೆಕ್ಕ ಮತ್ತು ಕನಿಕರ ಎರಡೂ ಪದದೊಳಗೆ ಕೂತಿರುವಾಗ “ಎಲ್ಲರೂ ಪಾಪಿಗಳು” ಎಂದರೆ ಓದುಗ ತನ್ನ ಖಾತೆಯನ್ನು ನೋಡಿಕೊಂಡು, ನಾನು ಅಷ್ಟೇನೂ ಮಾಡಿಲ್ಲವಲ್ಲ ಎಂದುಕೊಂಡು ಮುಂದಿನ ಪುಟಕ್ಕೆ ಹೋಗುತ್ತಾನೆ. ಬೇರೆ ಪದ ಹುಡುಕಿ ಎನ್ನುತ್ತಿಲ್ಲ. ಕನ್ನಡ ಬೈಬಲ್ ಬಳಸುವ ಪದ ಇದೇ. ಆದರೆ ಮೊದಲ ಸಲ ಬಂದಾಗಲೇ ಅದನ್ನು ಬಿಡಿಸಿಡಿ.

ಬಿಡಿಸಲು, ಪಾಪದ ಕ್ಷಮೆ ಬೇಡುವ 51ನೇ ಕೀರ್ತನೆ ಸಾಕು. ಮೊದಲ ಎರಡು ವಚನಗಳಲ್ಲಿ ಹೀಬ್ರೂ ಮೂರು ಪದಗಳನ್ನು ಬಳಸುತ್ತದೆ. ‘ಪೆಶಾ’ ಎಂದರೆ ದಂಗೆ, ಒಡೆಯನಿಗೆ ತಿರುಗಿಬೀಳುವುದು. ‘ಆವೋನ್’ ಸೊಟ್ಟಗಾದದ್ದು, ಅದರ ಹೊರೆಯೂ ಹೌದು. ‘ಹಟ್ಟಾತ್’ ಗುರಿ ತಪ್ಪಿದ್ದು. ಬೈಬಲಿನ ‘ನ್ಯಾಯಸ್ಥಾಪಕರು’ ಪುಸ್ತಕದ 20:16ರಲ್ಲಿ ಕೂದಲೆಳೆಗೂ ತಪ್ಪದೆ ಕವಣೆಕಲ್ಲು ಬೀಸಬಲ್ಲ 700 ಎಡಗೈಯವರು ಬರುತ್ತಾರಲ್ಲ, ಅಲ್ಲಿನ ‘ತಪ್ಪದೆ’ ಈ ಧಾತುವಿನಿಂದಲೇ ಬಂದಿದೆ. ನೀವು ಈ ಮೂರನೆಯದನ್ನಷ್ಟೇ ಹೇಳಿ ಬಿಟ್ಟಿದ್ದೀರಿ. ಚರ್ಚಿನ ಪ್ರಸಂಗಗಳಲ್ಲಿ ಹಾಗೇ ನಡೆದುಬಂದಿದೆ, ಆದರೆ ಅಷ್ಟೇ ಹೇಳಿದರೆ ಪಾಪ ಕೈತಪ್ಪಿನ ಮಟ್ಟಕ್ಕೆ ಇಳಿಯುತ್ತದೆ. ದಂಗೆಯೂ ಸೊಟ್ಟವೂ ಸೇರಿದಾಗಲೇ ಚಿತ್ರ ತುಂಬುವುದು. ಅದೇ ವಚನಗಳು ಬಿಡುಗಡೆಗೂ ಮೂರು ಕ್ರಿಯಾಪದ ಕೊಡುತ್ತವೆ: ಅಳಿಸು, ಒಗೆ, ಶುದ್ಧಮಾಡು. ನಡುವಿನದು ಹೀಬ್ರೂವಿನಲ್ಲಿ ಬಟ್ಟೆ ಒಗೆಯುವುದಕ್ಕೆ ಬಳಸುವ ಪದ, ಮೈಕೈ ತೊಳೆಯುವುದಕ್ಕೆ ಬೇರೆಯೇ ಇದೆ. ಕನ್ನಡದಲ್ಲೂ ಈ ಭೇದವಿದೆ. ‘ನನ್ನನ್ನು ತೊಳೆ’ ಎಂದು ನೀವು ಬರೆದ ಕಡೆ, ಮೂಲದಲ್ಲಿರುವುದು ಬಟ್ಟೆಯಂತೆ ಒಗೆಸಿಕೊಳ್ಳುವ ಬೇಡಿಕೆ ಎಂದು ಒಂದು ಸಾಲು ಸೇರಿಸಿ.

3ನೇ ಪುಟದಲ್ಲಿ “ಆದಾಮನ ಅಪರಾಧ ಪ್ರತಿಯೊಂದು ಶಿಶುವಿಗೂ ಅಂಟಿದೆ, ಇದು ಎಲ್ಲ ಕ್ರೈಸ್ತರ ನಂಬಿಕೆ” ಎಂದಿದ್ದೀರಿ. ‘ಎಲ್ಲ’ ಎಂಬ ಪದವನ್ನು ಹೊಡೆದುಹಾಕಿ. ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 5:12ರ ಗ್ರೀಕ್ ಮೂಲದಲ್ಲಿ ‘ಎಲ್ಲರೂ ಪಾಪಮಾಡಿದ್ದರಿಂದ’ ಎಂಬ ಅರ್ಥ ಬರುತ್ತದೆ. ಹಳೆಯ ಲ್ಯಾಟಿನ್ ಅನುವಾದದಲ್ಲಿ ಅದು ‘ಅವನಲ್ಲಿ ಎಲ್ಲರೂ ಪಾಪಮಾಡಿದರು’ ಎಂದು ಓದಿಸಿಕೊಳ್ಳುವಂತಾಯಿತು. ಉತ್ತರ ಆಫ್ರಿಕದ ಹಿಪ್ಪೋದ ಬಿಷಪ್ ಅಗಸ್ಟೀನರು (354–430) ಆ ಪಾಠವನ್ನು ನೆಚ್ಚಿಕೊಂಡರು. ಮನುಷ್ಯ ತನ್ನ ಶಕ್ತಿಯಿಂದಲೇ ಪಾಪವಿಲ್ಲದೆ ಬಾಳಬಲ್ಲ ಎಂಬ ಅವರ ಕಾಲದ ಬೋಧಕ ಪೆಲೇಗಿಯಸನ ಬೋಧನೆಯನ್ನು 418ರಲ್ಲಿ ಕಾರ್ಥೇಜಿನ ಸಭೆ ತಳ್ಳಿಹಾಕಿತು. ಪಶ್ಚಿಮ ಅಗಸ್ಟೀನರ ದಾರಿ ಹಿಡಿಯಿತು. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಸಾಮಾನ್ಯವಾಗಿ ಹೇಳುವುದು ಬೇರೆ: ಆದಾಮನಿಂದ ನಮಗೆ ಬಂದದ್ದು ಸಾವು ಮತ್ತು ಕೆಡುಕಿನತ್ತ ವಾಲುವಿಕೆ, ಅವನ ವೈಯಕ್ತಿಕ ಅಪರಾಧವಲ್ಲ. ಪಶ್ಚಿಮದೊಳಗೂ ಒಂದೇ ಮಾತಿಲ್ಲ. ಜ್ಞಾನಸ್ನಾನದ (ಸಭೆಗೆ ಸೇರಿಸುವ ನೀರಿನ ಸಂಸ್ಕಾರದ) ನಂತರ ಉಳಿಯುವ ಸೆಳೆತ ಪಾಪದಿಂದ ಹುಟ್ಟಿದ್ದು, ಪಾಪಕ್ಕೆ ಎಳೆಯುವಂಥದ್ದು, ಆದರೆ ತಾನೇ ಪಾಪವಲ್ಲ ಎಂದು 1546ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಹೇಳಿತು. ಪ್ರಾಟೆಸ್ಟೆಂಟ್ ಸುಧಾರಣೆಯ ಮುಂದಾಳು ಲೂಥರನ ಪಾಲಿಗೆ ಆ ಸೆಳೆತವೂ ಪಾಪವೇ. ಇದು ದೂರದ ಚರ್ಚೆಯಲ್ಲ. ಮಂಗಳೂರಿನ ಕಥೋಲಿಕರು, ದಕ್ಷಿಣ ಭಾರತ ಸಭೆಯಲ್ಲಿರುವ ಬಾಸೆಲ್ ಮಿಷನ್ ಪರಂಪರೆಯವರು, ಬ್ರಹ್ಮಾವರದ ಆರ್ಥೊಡಾಕ್ಸ್ ಸಭೆಯವರು ಎಲ್ಲರೂ ನಿಮ್ಮ ಲೇಖನವನ್ನು ಓದುತ್ತಾರೆ. ನೀವು ಯಾವ ಧಾರೆಯಲ್ಲಿ ನಿಂತು ಬರೆಯುತ್ತಿದ್ದೀರಿ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿಬಿಡಿ. ಪದಗಳೂ ಆ ಧಾರೆಯವೇ ಆಗಿರಲಿ. ಅವೇ ಸಂಗತಿಗಳಿಗೆ ಒಂದು ಕಡೆ ದೀಕ್ಷಾಸ್ನಾನ ಮತ್ತು ಕೃಪೆ, ಇನ್ನೊಂದು ಕಡೆ ಜ್ಞಾನಸ್ನಾನ ಮತ್ತು ವರಪ್ರಸಾದ ಎಂದು ಬೆರೆಸಿದ್ದೀರಿ.

“ಮನುಷ್ಯನಿಂದ ಒಳ್ಳೆಯದು ಏನೂ ಆಗದು” ಎಂಬುದಕ್ಕೆ 16ನೇ ಶತಮಾನದ ಪ್ರಾಟೆಸ್ಟೆಂಟ್ ಸುಧಾರಕ ಕ್ಯಾಲ್ವಿನನನ್ನು ಕರೆದಿದ್ದೀರಿ. ಅವನ ಪರಂಪರೆ ಹೇಳುವುದು ಬುದ್ಧಿ, ಮನಸ್ಸು, ಇಚ್ಛೆ ಯಾವ ಭಾಗವೂ ಕೆಡದೆ ಉಳಿದಿಲ್ಲ ಎಂದು. ಪ್ರತಿ ಭಾಗವೂ ಕೆಡಬಹುದಾದಷ್ಟು ಕೆಟ್ಟಿದೆ ಎಂದಲ್ಲ. ಒಂದು ತೊಟ್ಟು ಮಸಿ ಲೋಟದ ನೀರನ್ನೆಲ್ಲ ಬಣ್ಣಗೆಡಿಸುತ್ತದೆ, ನೀರು ಮಸಿಯಾಗಿಬಿಡುವುದಿಲ್ಲ. ಕ್ರೈಸ್ತರಲ್ಲದವರ ಕಾನೂನು, ವೈದ್ಯ, ಗಣಿತಗಳಲ್ಲಿ ಕಾಣುವ ಸತ್ಯವೂ ದೇವರ ಆತ್ಮನಿಂದಲೇ ಬಂದದ್ದು ಎಂದು ಕ್ಯಾಲ್ವಿನನೇ ಬರೆದಿದ್ದಾನೆ.

‘ಶರೀರ’ ಎಂಬ ಪದದಲ್ಲೂ ಎಚ್ಚರ ಬೇಕು. ಪೌಲನು ‘ಶರೀರಭಾವ’ ಎಂದ ಕಡೆಯೆಲ್ಲ ನೀವು ಕಾಮವನ್ನೇ ಓದಿದ್ದೀರಿ. ಗಲಾತ್ಯದವರಿಗೆ ಬರೆದ 5:19–21ರ ಪಟ್ಟಿಯನ್ನು ಎಣಿಸಿ ನೋಡಿ: ಹಗೆ, ಜಗಳ, ಹೊಟ್ಟೆಕಿಚ್ಚು, ಸಿಟ್ಟು, ಒಡಕು, ಪಕ್ಷಭೇದಗಳೇ ಅರ್ಧಕ್ಕಿಂತ ಹೆಚ್ಚು. ಅವು ಮೈಯ ಪಾಪಗಳಲ್ಲ. ಮೈ ಕೆಟ್ಟದ್ದು ಎಂಬ ಬೋಧನೆಯನ್ನು ಸಭೆ 2ನೇ ಶತಮಾನದಲ್ಲೇ ನಿರಾಕರಿಸಿತ್ತು.

ಕಾಯಿಲೆ ಬಿದ್ದವರ ಬಗ್ಗೆ ಬರೆದ ಆರು ಸಾಲುಗಳು ಪೂರ್ತಿ ಹೋಗಬೇಕು, ಇದರಲ್ಲಿ ಮಾತುಕತೆಗೆ ಎಡೆಯಿಲ್ಲ. ಹುಟ್ಟುಕುರುಡನನ್ನು ಕಂಡು ಪಾಪ ಮಾಡಿದವರು ಇವನೋ ತಂದೆತಾಯಿಯೋ ಎಂದು ಶಿಷ್ಯರು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆದನು (ಯೋಹಾನ 9:3). ಯೆರೂಸಲೇಮಿನ ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿ ಊರಿನ ಮಿಕ್ಕವರಿಗಿಂತ ಹೆಚ್ಚು ಅಪರಾಧಿಗಳಲ್ಲ ಎಂದನು (ಲೂಕ 13:4–5). ಆಸ್ಪತ್ರೆಯ ಹಾಸಿಗೆಯಲ್ಲಿ ನಿಮ್ಮ ಲೇಖನ ಓದುವವರು ಇರುತ್ತಾರೆ.

ರಕ್ಷಣೆಯ ಭಾಗದಲ್ಲಿ ರೂಪಕಗಳು ಒಂದರ ಮೇಲೊಂದು ಬಿದ್ದಿವೆ. “ನ್ಯಾಯಾಧೀಶನು ರಕ್ತದಿಂದ ಸೈತಾನನಿಗೆ ಈಡು ತೆತ್ತು ತೀರ್ಪು ಕೊಟ್ಟನು” ಎಂಬ ವಾಕ್ಯದಲ್ಲಿ ಕೋರ್ಟಿನ ತೀರ್ಪು, ಗುಡಿಯ ಬಲಿಯ ರಕ್ತ, ಗುಲಾಮರ ಸಂತೆಯಲ್ಲಿ ಬಿಡುಗಡೆಗೆ ತೆರುವ ಈಡು ಮೂರೂ ಕಲಸಿವೆ. ರೋಮಾಪುರದವರಿಗೆ 3:24–25ರಲ್ಲಿ ಪೌಲನೂ ಈ ಮೂರನ್ನು ಅಕ್ಕಪಕ್ಕ ಇಟ್ಟಿದ್ದಾನೆ, ಬೆರೆಸಿಲ್ಲ: ನೀತಿವಂತರೆಂಬ ನಿರ್ಣಯ ನ್ಯಾಯಸ್ಥಾನದ್ದು, ಬಿಡುಗಡೆ ಗುಲಾಮರನ್ನು ಬಿಡಿಸುವಲ್ಲಿಯದು, ಪಾಪನಿವಾರಣ ದೇವಾಲಯದ್ದು. ಒಂದೊಂದಕ್ಕೂ ಒಂದು ಪ್ಯಾರಾ ಕೊಡಿ, ಪ್ರತಿಯೊಂದೂ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನೂ ಹೇಳಿ. ಈಡು ಯಾರಿಗೆ ತೆತ್ತದ್ದು ಎಂದು ಕೇಳಹೊರಟರೆ ಆ ರೂಪಕ ಮುರಿಯುತ್ತದೆ. ಸೈತಾನನಿಗೆ ಎಂಬ ಉತ್ತರವನ್ನು 4ನೇ ಶತಮಾನದಲ್ಲೇ ಪೂರ್ವದ ಸಭೆಯ ಗುರು ನಾಜಿಯಾಂಜಸಿನ ಗ್ರೆಗರಿ ಒಪ್ಪಲಿಲ್ಲ. ಮಗನ ದಂಡವನ್ನು ಕಟ್ಟುವ ನ್ಯಾಯಾಧೀಶನ ಕಥೆಯನ್ನು ಬಿಡಿ. ಬದಲಿಗೆ ಮತ್ತಾಯ 18ರಲ್ಲಿ ಯೇಸು ಹೇಳುವ ಕಥೆಯ ಸಾಲಗಾರನನ್ನು ತನ್ನಿ. ಅವನ ಸಾಲ 10,000 ತಲಾಂತು. ತಲಾಂತಿಗೆ ಸುಮಾರು 6,000 ದಿನಗಳ ಕೂಲಿ ಎಂದರೆ ಒಟ್ಟು 6 ಕೋಟಿ ದಿನಗಳ ಕೂಲಿ. ಅವನು ಕುತ್ತಿಗೆ ಹಿಸುಕಿದ ಜೊತೆಗಾರನ ಸಾಲ 100 ದಿನಗಳದು. ತೀರಿಸುತ್ತೇನೆ, ತಾಳು ಎಂದು ಆ ದೊಡ್ಡ ಸಾಲಗಾರ ರಾಜನಲ್ಲಿ ಬೇಡುತ್ತಾನಲ್ಲ, ರಾಜ ಸಾಲವನ್ನೇ ಬಿಟ್ಟುಬಿಡುತ್ತಾನಲ್ಲ, ಪುಣ್ಯದಿಂದ ಪಾಪ ಕಳೆಯುವ ಲೆಕ್ಕಕ್ಕೆ ಉತ್ತರ ಅಲ್ಲಿಯೇ ಇದೆ.

ಹಾಗೆಂದು ಒಳ್ಳೆಯ ಕೆಲಸಕ್ಕೆ ಬೆಲೆಯಿಲ್ಲ ಎಂಬ ನಿಮ್ಮ ತೀರ್ಮಾನ ಸಲ್ಲದು. ಎಫೆಸದವರಿಗೆ 2:8–9ನ್ನು ಉದ್ಧರಿಸಿ 10ನೇ ವಚನವನ್ನು ಬಿಟ್ಟಿದ್ದೀರಿ, ಸತ್ಕಾರ್ಯಗಳ ಮಾತು ಬರುವುದು ಅದರಲ್ಲೇ. ಕೃಪೆ ಮೊದಲು, ಕಾರ್ಯ ಅದರ ಫಲ ಎಂಬಷ್ಟನ್ನು 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ ಮತ್ತು ಕಥೋಲಿಕ ಸಭೆಗಳು ಜಂಟಿ ಘೋಷಣೆಯಲ್ಲಿ ಒಟ್ಟಿಗೆ ಹೇಳಿವೆ.

“ಹಿಂದೂ ಧರ್ಮದಲ್ಲಿ ಕೃಪೆಯಿಲ್ಲ, ಕರ್ಮವಷ್ಟೇ” ಎಂಬ ಪ್ಯಾರಾ ತಪ್ಪು. ದೇವರ ಕೃಪೆ ನಮಗೆ ದೊರೆಯುವುದು ಮರಿಕೋತಿ ತಾಯಿಯನ್ನು ಅವಚಿ ಹಿಡಿಯುವಂತೆಯೋ, ತಾಯಿಬೆಕ್ಕೇ ಮರಿಯನ್ನು ಕಚ್ಚಿ ಒಯ್ಯುವಂತೆಯೋ ಎಂದು ಶ್ರೀವೈಷ್ಣವರು ಕೃಪೆಯ ಕುರಿತೇ ಶತಮಾನಗಳ ಕಾಲ ವಾದಿಸಿದ್ದಾರೆ. ಹೋಲಿಸುವುದಾದರೆ ಓದಿಕೊಂಡು ಹೋಲಿಸಿ, ಇಲ್ಲವೇ ತೆಗೆಯಿರಿ.

ಒಟ್ಟು 41 ವಚನಗಳಿವೆ, 10ಕ್ಕೆ ಇಳಿಸಿ. ಉಳಿದವಕ್ಕೆ ಹಿಂದುಮುಂದು ಏನು ನಡೆಯುತ್ತಿದೆ ಎಂಬುದು ಒಂದು ಸಾಲಿನಲ್ಲಿ ಇರಲಿ. 1,800 ಪದ ಮೀರದಿರಲಿ. ಕೊನೆಯ ಪುಟದ ಪ್ರಾರ್ಥನೆಯ ಕರೆ ಬೇಡ. ಅದರ ಹಿಂದಿನ ಪುಟದಲ್ಲಿ ಲೂಕ 18ರ ಸುಂಕದವನನ್ನು ಕುರಿತು ಬರೆದಿದ್ದೀರಲ್ಲ, ದೂರದಲ್ಲಿ ನಿಂತು, ತಲೆಯೆತ್ತದೆ, ಎದೆ ಬಡಿದುಕೊಂಡು ‘ದೇವರೇ, ಪಾಪಿಯಾದ ನನ್ನನ್ನು ಕರುಣಿಸು’ ಎಂಬ ಒಂದೇ ವಾಕ್ಯ ಹೇಳಿ ಮನೆಗೆ ಹೋದವನು, ಆ ಪ್ಯಾರಾವನ್ನು ಮುಟ್ಟಬೇಡಿ. ಲೇಖನವನ್ನು ಕೈಬಿಡದಂತೆ ಮಾಡಿದ್ದು ಅದು. ಅವನು ಕರುಣೆ ಬೇಡಲು ಬಳಸುವ ಗ್ರೀಕ್ ಕ್ರಿಯಾಪದವೂ ಪೌಲನ ‘ಪಾಪನಿವಾರಣ’ವೂ ಒಂದೇ ಧಾತುವಿನವು. ಅದೊಂದನ್ನು ಸೇರಿಸಿ, ಅಲ್ಲಿಗೇ ನಿಲ್ಲಿಸಿ ಕಳುಹಿಸಿ.