ಸಂಪಾದಕರ ಉತ್ತರ: ಆ ಗ್ರೈಂಡರ್ ಜಾಹೀರಾತು ಎಲ್ಲಿಂದ ಬಂತು?

ಶಿರಸಿಯಿಂದ ಓದುಗರೊಬ್ಬರು ಬರೆದಿದ್ದಾರೆ: "ಬೆಂಗಳೂರಿನಲ್ಲಿರುವ ಮಗಳ ಜೊತೆ ವಾಟ್ಸ್‌ಆ್ಯಪ್‌ನಲ್ಲಿ ಗ್ರೈಂಡರ್ ವಿಷಯ ಮಾತಾಡಿದೆ. ಅವಳು ಒಂದು ಲಿಂಕ್ ಕಳಿಸಿದಳು. ನೋಡಿದೆ, ರೇಟು ಜಾಸ್ತಿ ಅನ್ನಿಸಿ ಬಿಟ್ಟೆ. ಮಾರನೇ ದಿನ ಫೇಸ್‌ಬುಕ್ ತೆರೆದರೆ ಅದೇ ಗ್ರೈಂಡರ್! ನಮ್ಮ ಸಂದೇಶ ಯಾರೂ ಓದುವುದಿಲ್ಲ ಎಂದು ವಾಟ್ಸ್‌ಆ್ಯಪ್ ಹೇಳುತ್ತದಲ್ಲ, ಅದು ಸುಳ್ಳಾ? ನಮ್ಮಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳದೆ ಈ ಕಂಪನಿಗಳು ಹೇಗೆ ನಡೆಯುತ್ತವೆ? ನಾನು ವಾಟ್ಸ್‌ಆ್ಯಪ್ ತೆಗೆದುಹಾಕಬೇಕಾ?"

ಪ್ರಿಯ ಓದುಗರೇ,

ಉತ್ತರ ನಿಮ್ಮ ಪತ್ರದಲ್ಲೇ ಇದೆ. "ಅವಳು ಒಂದು ಲಿಂಕ್ ಕಳಿಸಿದಳು. ನೋಡಿದೆ" ಎಂದು ಬರೆದಿದ್ದೀರಿ. ನೀವು ಹೆಚ್ಚು ಗಮನ ಕೊಡದೆ ಬರೆದ ಸಾಲು ಅದು. ನನ್ನ ಕಣ್ಣು ಮಾತ್ರ ಅಲ್ಲೇ ನಿಂತಿತು.

ಲಿಂಕ್ ಒತ್ತಿದ ಕೂಡಲೇ ನೀವು ವಾಟ್ಸ್‌ಆ್ಯಪ್‌ನಿಂದ ಹೊರಗೆ ಬಂದು ಒಂದು ಅಂಗಡಿಯ ವೆಬ್‌ಸೈಟಿಗೆ ಹೋದಿರಿ. ಇಂಥ ಅಂಗಡಿಗಳು ತಮ್ಮ ಪುಟದೊಳಗೆ ಫೇಸ್‌ಬುಕ್‌ನ ಒಂದು ಸಣ್ಣ ಕೋಡ್ ಇಟ್ಟುಕೊಂಡಿರುತ್ತವೆ. ಅದಕ್ಕೆ ಪಿಕ್ಸೆಲ್ ಎನ್ನುತ್ತಾರೆ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ. ಈ ಫೋನಿನವರು ಈ ಗ್ರೈಂಡರ್ ನೋಡಿದರು, ಕೊಳ್ಳದೆ ಹೋದರು ಎಂದು ಅದು ಫೇಸ್‌ಬುಕ್ಕಿಗೆ ತಿಳಿಸುತ್ತದೆ. ಅದೇ ಫೋನಿನಲ್ಲಿ ನೀವು ಫೇಸ್‌ಬುಕ್ ಬಳಸುತ್ತೀರಿ. ಹಾಗಾಗಿ ನೋಡಿದವರು ಯಾರು ಎಂದು ಹೊಂದಿಸುವುದು ಕಷ್ಟವಲ್ಲ. ನೋಡಿ ಕೊಳ್ಳದೆ ಹೋದವರಿಗೆ ಇದನ್ನೇ ಮತ್ತೆ ತೋರಿಸಿ ಎಂದು ಅಂಗಡಿಯವರು ದುಡ್ಡು ಕಟ್ಟಿರುತ್ತಾರೆ. ನಿಮ್ಮ ವಿಷಯದಲ್ಲೂ ಬಹುಪಾಲು ಹೀಗೇ ಆಗಿದೆ. ನೀವೂ ಮಗಳೂ ಮಾತಾಡಿದ್ದನ್ನು ಯಾರೂ ಓದಬೇಕಾಗಿಯೇ ಇರಲಿಲ್ಲ.

ವಾಟ್ಸ್‌ಆ್ಯಪ್ ಹೇಳುವುದು ಸುಳ್ಳಲ್ಲ. 2016ರ ಏಪ್ರಿಲ್‌ನಿಂದ ಅಲ್ಲಿನ ಎಲ್ಲ ಖಾಸಗಿ ಸಂದೇಶಗಳಿಗೂ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇದೆ. ಸಂದೇಶಕ್ಕೆ ಬೀಗ ಬೀಳುವುದು ನಿಮ್ಮ ಫೋನಿನಲ್ಲಿ, ಬಿಚ್ಚುವುದು ಮಗಳ ಫೋನಿನಲ್ಲಿ. ನಡುವೆ ಇರುವ ಕಂಪನಿಯ ಹತ್ತಿರ ಕೀಲಿಕೈ ಇಲ್ಲ. ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. "ನಾವು ಓದುವುದಿಲ್ಲ" ಎಂದರೆ ಅದು ಬರೀ ಮಾತು. "ನಮಗೆ ಓದಲು ಆಗುವುದಿಲ್ಲ" ಎಂದರೆ ಅದೊಂದು ಏರ್ಪಾಡು. ವಾಟ್ಸ್‌ಆ್ಯಪ್ ಬಳಸುವ ಬೀಗದ ವಿಧಾನ ಸಿಗ್ನಲ್ ಎಂಬ ಸಂಸ್ಥೆಯವರದು. ಅದು ಬಹಿರಂಗವಾಗಿದೆ, ತಿಳಿದವರು ಯಾರು ಬೇಕಾದರೂ ತೆರೆದು ಪರೀಕ್ಷಿಸಬಹುದು.

ಆದರೆ ಬೀಗ ಇರುವುದು ಸಂದೇಶಕ್ಕೆ ಮಾತ್ರ. ನೀವು ಯಾರಿಗೆ, ಯಾವಾಗ, ಎಷ್ಟು ಸಲ ಕಳಿಸಿದಿರಿ ಎಂಬುದು ಕಂಪನಿಗೆ ಗೊತ್ತಾಗುತ್ತದೆ. ಅಂಗಡಿ, ಬ್ಯಾಂಕುಗಳ ಬಿಸಿನೆಸ್ ಖಾತೆಗೆ ಕಳಿಸಿದ್ದನ್ನು ಅವರ ಸಿಬ್ಬಂದಿ ಓದಬಹುದು. ವಾಟ್ಸ್‌ಆ್ಯಪ್‌ನೊಳಗೇ ಇರುವ ಮೆಟಾ ಎಐ ಎಂಬ ಚಾಟ್‌ಬಾಟ್‌ಗೆ ಕೇಳಿದ ಪ್ರಶ್ನೆ, ವಾಟ್ಸ್‌ಆ್ಯಪ್‌ನ ಒಡೆಯನಾದ ಮೆಟಾ ಕಂಪನಿಗೇ ಹೋಗುತ್ತದೆ.

ಫೋನಿನ ಮೈಕ್ ನಮ್ಮ ಮಾತು ಕದ್ದು ಕೇಳುತ್ತದಾ ಎಂದು ಬೇರೆ ಓದುಗರೂ ಕೇಳುತ್ತಿರುತ್ತಾರೆ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 17,000ಕ್ಕೂ ಹೆಚ್ಚು ಆ್ಯಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿ 2018ರಲ್ಲಿ ವರದಿ ಕೊಟ್ಟರು. ಗುಟ್ಟಾಗಿ ಧ್ವನಿ ಕಳಿಸುವ ಆ್ಯಪ್ ಒಂದೂ ಸಿಗಲಿಲ್ಲ. ಆದರೆ ಪರದೆಯ ಮೇಲೆ ನಾವು ಮಾಡುವುದನ್ನು ಚಿತ್ರ ತೆಗೆದು ಬೇರೆಯವರಿಗೆ ಕಳಿಸುವ ಆ್ಯಪ್‌ಗಳು ಸಿಕ್ಕವು. ಕೇಳಿಸಿಕೊಳ್ಳುವ ಅಗತ್ಯವೇ ಇಲ್ಲದಷ್ಟು ವಿಷಯ ಬೇರೆ ದಾರಿಯಲ್ಲಿ ಸಿಗುತ್ತಿದೆ. ನನಗೆ ಕಳವಳ ಆಗುವುದು ಇದರಿಂದಲೇ.

ನನ್ನದೇ ಅನುಭವ ಹೇಳುತ್ತೇನೆ. ಕಳೆದ ವರ್ಷ ಒಂದು ಚಪ್ಪಲಿ ಅಂಗಡಿಗೆ ಹೋಗಿದ್ದೆ. ಬಿಲ್ ಮಾಡುವಾಗ ಹುಡುಗ ತಲೆ ಎತ್ತದೆ "ನಂಬರ್ ಹೇಳಿ ಸರ್" ಎಂದ. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಸುಮ್ನೆ ಹೇಳಿಬಿಟ್ಟೆ. ಚಪ್ಪಲಿಗೆ ನನ್ನ ನಂಬರ್ ಯಾಕೆ ಬೇಕು ಅಂತ ಹೊಳೆದದ್ದು ಮೆಟ್ಟಿಲು ಇಳಿದ ಮೇಲೆ. ಕೆಲವು ವಾರ ಬಿಟ್ಟು ಫೇಸ್‌ಬುಕ್‌ನ ಸೆಟ್ಟಿಂಗ್ಸ್‌ನಲ್ಲಿ, ಬೇರೆ ಕಂಪನಿಗಳು ನನ್ನ ಬಗ್ಗೆ ಕಳಿಸಿದ ಮಾಹಿತಿಯ ಪಟ್ಟಿ ತೆರೆದೆ. ಆ ಅಂಗಡಿಯ ಹೆಸರು ಅಲ್ಲಿತ್ತು. ನಾನು ಅವರ ವೆಬ್‌ಸೈಟ್ ನೋಡಿದವನೇ ಅಲ್ಲ. ಗ್ರಾಹಕರ ನಂಬರುಗಳ ಪಟ್ಟಿಯನ್ನೇ ಅಂಗಡಿಗಳು ಫೇಸ್‌ಬುಕ್ಕಿಗೆ ಕೊಟ್ಟು, ಇವರಿಗೆ ನಮ್ಮ ಜಾಹೀರಾತು ತೋರಿಸಿ ಎನ್ನಬಹುದು. ಪಟ್ಟಿ ಕೆಳಗೆ ತಳ್ಳುತ್ತಾ ಹೋದಂತೆ ಔಷಧಿ ತರಿಸಿದ ಆ್ಯಪ್, ಬಸ್ ಟಿಕೆಟ್ ಮಾಡಿಸಿದ ಆ್ಯಪ್ ಎಲ್ಲ ಬಂದವು. ಅವತ್ತು ಸಂಜೆ ನನಗೆ ಬೇರೆ ಕೆಲಸ ಸಾಗಲಿಲ್ಲ.

ಇನ್ನು ದುಡ್ಡಿನ ಪ್ರಶ್ನೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರಕ್ಕೂ ಒಡೆಯ ಮೆಟಾ. 2023ರಲ್ಲಿ ಅದರ ವರಮಾನ ಸುಮಾರು 13,490 ಕೋಟಿ ಡಾಲರ್. ಅದರಲ್ಲಿ ಸುಮಾರು 13,190 ಕೋಟಿ ಜಾಹೀರಾತಿನಿಂದ ಬಂದದ್ದು. ನೂರು ಡಾಲರ್‌ಗೆ 97ಕ್ಕಿಂತ ಜಾಸ್ತಿ! ನೀವು ಫೇಸ್‌ಬುಕ್ ತೆರೆದಾಗ ಪರದೆಯ ಮೇಲಿನ ಒಂದು ಜಾಗಕ್ಕೆ ಕಣ್ಣು ಮಿಟುಕಿಸುವುದರೊಳಗೆ ಹರಾಜು ನಡೆಯುತ್ತದೆ. ಗ್ರೈಂಡರ್‌ನವರು, ಸೀರೆಯವರು, ಸಾಲ ಕೊಡುವವರು ಕೂಗುತ್ತಾರೆ. ಜಾಸ್ತಿ ಕೂಗಿದವರಿಗೇ ಜಾಗ ಎಂದಲ್ಲ, ನೀವು ಒತ್ತುವ ಸಾಧ್ಯತೆ ಎಷ್ಟು ಎಂಬ ಲೆಕ್ಕವೂ ಸೇರುತ್ತದೆ. ಆ ಲೆಕ್ಕಕ್ಕೇ ನಿಮ್ಮ ವಿವರ ಬೇಕಾಗುವುದು. ನಮ್ಮ ಡೇಟಾ ಮಾರುತ್ತಾರೆ ಎಂದು ಜನ ಹೇಳುತ್ತಾರಲ್ಲ, ಅದು ಪೂರ್ತಿ ಸರಿಯಲ್ಲ. ಗ್ರೈಂಡರ್‌ನವರಿಗೆ ನಿಮ್ಮ ಹೆಸರು ಸಿಗುವುದಿಲ್ಲ. ವಿವರವನ್ನು ಮೆಟಾ ತನ್ನ ಹತ್ತಿರವೇ ಇಟ್ಟುಕೊಂಡು, ನಿಮ್ಮ ಕಣ್ಣ ಮುಂದೆ ಬರುವ ಅವಕಾಶವನ್ನು ದಿನಕ್ಕೆ ಎಷ್ಟೋ ಸಲ ಮಾರುತ್ತದೆ.

ಆ ವಿವರದ ಬೆಲೆ ಎಷ್ಟು ಅಂತ ಒಂದು ಸಲ ಬಯಲಾಯಿತು. 2021ರ ಏಪ್ರಿಲ್‌ನಲ್ಲಿ ಆ್ಯಪಲ್ ತನ್ನ ಫೋನುಗಳಲ್ಲಿ ಒಂದು ಪ್ರಶ್ನೆ ತಂದಿತು: ಬೇರೆ ಆ್ಯಪ್‌, ವೆಬ್‌ಸೈಟುಗಳಲ್ಲಿ ನಿಮ್ಮನ್ನು ಹಿಂಬಾಲಿಸಲು ಈ ಆ್ಯಪ್‌ಗೆ ಬಿಡಬೇಕಾ, ಬೇಡವಾ? ಬಹಳ ಜನ ಬೇಡ ಎಂದರು. ಇದರಿಂದ 2022ರಲ್ಲಿ ಸುಮಾರು 1,000 ಕೋಟಿ ಡಾಲರ್ ವರಮಾನ ಹೋಗುತ್ತದೆ ಎಂದು ಮೆಟಾ ತಾನೇ ಅಂದಾಜು ಮಾಡಿತು.

ವಾಟ್ಸ್‌ಆ್ಯಪ್ ಹುಟ್ಟಿದ್ದು ಈ ದಾರಿ ಬೇಡ ಎಂದೇ. 2009ರಲ್ಲಿ ಅದನ್ನು ಕಟ್ಟಿದವರು ಜಾನ್ ಕೂಮ್ ಮತ್ತು ಬ್ರಯಾನ್ ಆ್ಯಕ್ಟನ್. ಕೂಮ್ ಸೋವಿಯತ್ ಕಾಲದ ಉಕ್ರೇನ್‌ನಲ್ಲಿ, ಫೋನಿನಲ್ಲಿ ಬಿಚ್ಚಿ ಮಾತಾಡಲು ಹೆದರುವ ಜನರ ನಡುವೆ ಬೆಳೆದವರು. ಜಾಹೀರಾತು ಬೇಡ, ಆಟ ಬೇಡ, ಗಿಮಿಕ್ ಬೇಡ ಎಂದು ಆ್ಯಕ್ಟನ್ ಬರೆದುಕೊಟ್ಟ ಚೀಟಿ ಕೂಮ್ ಮೇಜಿನ ಮೇಲೆ ಅಂಟಿರುತ್ತಿತ್ತು. ವರ್ಷಕ್ಕೆ ಒಂದು ಡಾಲರ್ ಶುಲ್ಕ ಇತ್ತು. 55 ಜನರ ಆ ಕಂಪನಿಯನ್ನು ಫೇಸ್‌ಬುಕ್ 2014ರಲ್ಲಿ 1,900 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಹೇಳಿದಾಗ ಬಳಕೆದಾರರು 45 ಕೋಟಿ. ಏನೂ ಬದಲಾಗುವುದಿಲ್ಲ ಎಂದು ಕೂಮ್ ಮಾತು ಕೊಟ್ಟರು. ಅವರು ಅದನ್ನು ನಂಬಿಯೇ ಹೇಳಿದರು ಅಂತ ನನಗೆ ಅನ್ನಿಸುತ್ತದೆ.

2016ರಲ್ಲಿ ಶುಲ್ಕ ಹೋಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ನಿಯಮ ಬದಲಾಗಿ, ನಮ್ಮ ಫೋನ್ ನಂಬರು ಮತ್ತು ಬಳಕೆಯ ವಿವರ ಫೇಸ್‌ಬುಕ್ಕಿಗೆ ಹೋಗುವಂತಾಯಿತು. ಒಬ್ಬರ ವಾಟ್ಸ್‌ಆ್ಯಪ್ ಖಾತೆಯನ್ನು ಅವರದೇ ಫೇಸ್‌ಬುಕ್ ಖಾತೆಯ ಜೊತೆ ತಾನಾಗಿ, ನೆಚ್ಚುವ ಹಾಗೆ ಹೊಂದಿಸಲು ಆಗುವುದಿಲ್ಲ ಎಂದು ಫೇಸ್‌ಬುಕ್ 2014ರಲ್ಲಿ ಐರೋಪ್ಯ ಒಕ್ಕೂಟದ ಆಯೋಗಕ್ಕೆ ಹೇಳಿತ್ತು. ಹಾಗೆ ಹೊಂದಿಸುವುದು 2014ರಲ್ಲೇ ಸಾಧ್ಯವಿತ್ತು ಎಂದು ಆಯೋಗ ಕಂಡುಕೊಂಡು 2017ರಲ್ಲಿ 11 ಕೋಟಿ ಯುರೋ ದಂಡ ಹಾಕಿತು. ಹಾಗಾಗಿ "ಆಗುವುದಿಲ್ಲ" ಎಂದರೂ ಸಾಲದು, ಹೊರಗಿನವರು ಪರೀಕ್ಷಿಸುವಂತಿರಬೇಕು. ಆ್ಯಕ್ಟನ್ ಸುಮಾರು 85 ಕೋಟಿ ಡಾಲರ್‌ನ ಷೇರು ಬಿಟ್ಟು ಹೊರನಡೆದರು. 2018ರಲ್ಲಿ ಸಿಗ್ನಲ್ ಪ್ರತಿಷ್ಠಾನಕ್ಕೆ 5 ಕೋಟಿ ಡಾಲರ್ ಕೊಟ್ಟರು.

2021ರ ಜನವರಿಯಲ್ಲಿ ಒಪ್ಪಿ, ಇಲ್ಲವೇ ಬಿಡಿ ಎನ್ನುವ ವಾಟ್ಸ್‌ಆ್ಯಪ್‌ನ ಹೊಸ ನಿಯಮ ಬಂದಾಗ ಎಷ್ಟೊಂದು ಜನ ಬದಲಿಗೆ ಸಿಗ್ನಲ್ ಆ್ಯಪ್ ಹಾಕಿಕೊಂಡಿದ್ದರು, ನೆನಪಿದೆ ಅಲ್ವಾ? ಆ ನಿಯಮಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಮೆಟಾಗೆ 213 ಕೋಟಿ ರೂಪಾಯಿ ದಂಡ ಹಾಕಿತು. ಒಂದು ವರ್ಷದ ನಂತರ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತು. ಆದರೆ ಜಾಹೀರಾತಿಗಾಗಿ ಡೇಟಾ ಹಂಚಿಕೊಳ್ಳುವುದಕ್ಕೆ ಆಯೋಗ ಹಾಕಿದ್ದ ಐದು ವರ್ಷದ ತಡೆಯನ್ನು ತೆಗೆಯಿತು. 2025ರ ಜೂನ್‌ನಲ್ಲಿ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲೂ ಜಾಹೀರಾತು ತರುವುದಾಗಿ ಕಂಪನಿ ಘೋಷಿಸಿತು. ಕೊರಿಯರ್, ಬ್ಯಾಂಕ್‌ಗಳಿಂದ ಬರುವ ಸಂದೇಶಗಳಿಗೆ ಆ ಸಂಸ್ಥೆಗಳು ವಾಟ್ಸ್‌ಆ್ಯಪ್‌ಗೆ ಹಣ ಕಟ್ಟುತ್ತವೆ. ಒಂದು ಡಾಲರ್ ಕೊಡುತ್ತಿದ್ದಾಗ ಗಿರಾಕಿ ನಾವಾಗಿದ್ದೆವು. ಈಗ ಗಿರಾಕಿ ಬೇರೆಯವರು.

ಇಷ್ಟಾದರೂ ಸಂದೇಶದ ಬೀಗ ಉಳಿದಿದೆ ನೋಡಿ. ಮಾತು ಹೋಯಿತು, ಏರ್ಪಾಡು ಉಳಿಯಿತು. ಅದಕ್ಕೇ ನಾನು ಏರ್ಪಾಡು ಹುಡುಕುತ್ತೇನೆ. ಬೆಂಗಳೂರಿನಲ್ಲಿ 2007ರಲ್ಲಿ ಶುರುವಾದ ಫ್ಲಿಪ್‌ಕಾರ್ಟ್‌ಗೆ ಮೊದಲು ಜನ ಕಾರ್ಡ್ ನಂಬರ್ ಕೊಡಲು ಹೆದರುತ್ತಿದ್ದರು. 2010ರಲ್ಲಿ ವಸ್ತು ಕೈಗೆ ಬಂದ ಮೇಲೆ ದುಡ್ಡು ಕೊಡಿ ಎಂದರು. ನಂಬಿಕೆ ಬಂದದ್ದು ಅಲ್ಲಿಂದ. 2022ರ ಅಕ್ಟೋಬರ್‌ನಿಂದ ಯಾವ ಆನ್‌ಲೈನ್ ಅಂಗಡಿಯೂ ನಿಮ್ಮ ಕಾರ್ಡ್ ನಂಬರನ್ನು ಇಟ್ಟುಕೊಳ್ಳುವಂತಿಲ್ಲ, ಬದಲಿಗೆ ಒಂದು ಟೋಕನ್, ಅಂದರೆ ಆ ನಂಬರಿನ ಬದಲಿ ಸಂಕೇತ, ಇಟ್ಟುಕೊಳ್ಳಬೇಕು ಎಂದು ರಿಸರ್ವ್ ಬ್ಯಾಂಕ್ ಮಾಡಿತು. ಇಲ್ಲದ ನಂಬರನ್ನು ಯಾರೂ ಕದಿಯಲಾರರು.

ಒಬ್ಬರ ಸಡಿಲು ಇನ್ನೊಬ್ಬರನ್ನು ಹೇಗೆ ಸುಡುತ್ತದೆ ಎಂಬುದಕ್ಕೆ ಫೇಸ್‌ಬುಕ್ ಬಳಸುವವರ ವಿವರವನ್ನು ಚುನಾವಣಾ ಪ್ರಚಾರಕ್ಕಾಗಿ ಗುಟ್ಟಾಗಿ ಪಡೆದ ಕೇಂಬ್ರಿಡ್ಜ್ ಅನಲಿಟಿಕಾ ಕಂಪನಿಯ ಪ್ರಕರಣ ಸಾಕು. ಅದಕ್ಕೆ ಕಾರಣವಾದ ಫೇಸ್‌ಬುಕ್ ಆ್ಯಪ್ ಹಾಕಿಕೊಂಡ ಭಾರತೀಯರು 335 ಜನ. ಗೆಳೆಯರ ಪಟ್ಟಿಯ ಮೂಲಕ 5.6 ಲಕ್ಷ ಭಾರತೀಯರ ವಿವರ ಸೋರಿರಬಹುದು ಎಂದು ಫೇಸ್‌ಬುಕ್ಕೇ 2018ರಲ್ಲಿ ಹೇಳಿತು. ಅವರನ್ನು ಯಾರೂ ಕೇಳಿರಲಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಅವರು ಅರ್ಜಿ ಹಾಕಿದಾಗ ವಯಸ್ಸು 86! ನೆನೆದರೆ ಮನಸ್ಸು ತುಂಬಿ ಬರುತ್ತದೆ. ಡೇಟಾ ರಕ್ಷಣೆಯ ಕಾಯ್ದೆ 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರ್‌ನಲ್ಲಿ. ಪೂರ್ತಿ ಜಾರಿಗೆ ಅಲ್ಲಿಂದ ಹದಿನೆಂಟು ತಿಂಗಳ ಗಡುವು. ತಪ್ಪಿದ ಕಂಪನಿಗೆ 250 ಕೋಟಿ ರೂಪಾಯಿವರೆಗೂ ದಂಡ ಹಾಕಬಹುದು.

ವಾಟ್ಸ್‌ಆ್ಯಪ್ ತೆಗೆಯಬೇಡಿ. ಮಗಳ ಜೊತೆ ಮಾತಾಡುವ ದಾರಿ ಅದು, ಮಾತಿಗೆ ಬೀಗವೂ ಇದೆ. ಆದರೆ ಸೆಟ್ಟಿಂಗ್ಸ್‌ಗೆ ಹೋಗಿ ಚಾಟ್ ಬ್ಯಾಕಪ್‌ಗೂ, ಅಂದರೆ ಸಂದೇಶಗಳ ಉಳಿಸಿಟ್ಟ ನಕಲಿಗೂ, ಎನ್‌ಕ್ರಿಪ್ಷನ್ ಆನ್ ಮಾಡಿ, ಅದು ತಾನಾಗಿ ಆನ್ ಆಗಿರುವುದಿಲ್ಲ. ಪಾಸ್‌ವರ್ಡ್ ಮರೆಯದಂತೆ ಬರೆದಿಟ್ಟುಕೊಳ್ಳಿ. ಫೇಸ್‌ಬುಕ್‌ನ ಅಕೌಂಟ್ಸ್ ಸೆಂಟರ್‌ನಲ್ಲಿ ಬೇರೆ ಕಂಪನಿಗಳು ಕಳಿಸಿದ ಮಾಹಿತಿಯ ಪಟ್ಟಿ ತೆರೆದು ಅಳಿಸಿ, ಮುಂದೆ ಸೇರದಂತೆಯೂ ಮಾಡಿ. ಜಾಹೀರಾತು ಕಡಿಮೆಯಾಗುವುದಿಲ್ಲ, ನಿಮ್ಮ ಬೆನ್ನು ಹತ್ತುವುದು ಕಡಿಮೆಯಾಗುತ್ತದೆ.

ಗ್ರೈಂಡರನ್ನು ಶಿರಸಿಯ ಅಂಗಡಿಯಲ್ಲೇ ಕೊಂಡರೆ, ಬಿಲ್ ಮಾಡುವಾಗ ನಂಬರ್ ಕೇಳಬಹುದು. ಬಲವಂತ ಮಾಡುವಂತಿಲ್ಲ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಗಳಿಗೆ ತಿಳಿಸಿದೆ. ವಾರಂಟಿಗೆ ಬೇಕು ಎಂದರೆ ಯೋಚಿಸಿ, ಸುಮ್ನೆ ಕೇಳಿದರೆ ಕಾಗದದ ಬಿಲ್ಲೇ ಸಾಕು ಎನ್ನಿ. ಮತ್ತೆ, ಅಳಿಸುವ ಮೊದಲು ಆ ಪಟ್ಟಿಯನ್ನು ಒಮ್ಮೆ ನಿಧಾನಕ್ಕೆ ಓದಿ. ಮಗಳು ಕಳಿಸಿದ ಲಿಂಕಿನ ಅಂಗಡಿ ಅದರಲ್ಲಿ ಸಿಕ್ಕಿತಾ ಎಂದು ನನಗೆ ಬರೆದು ತಿಳಿಸಿ.

ಸಂಪಾದಕ