ಎಳ್ಳು-ಬೆಲ್ಲ ಅಂಟಿಕೊಳ್ಳದಿರಲು

ಪ್ರಶ್ನೆ: ಪ್ರತಿ ಸಂಕ್ರಾಂತಿಗೂ ಎಳ್ಳು ಬೀರಲು ಮನೆಯಲ್ಲಿಯೇ ಎಳ್ಳು-ಬೆಲ್ಲ ಸಿದ್ಧಪಡಿಸುತ್ತೇನೆ. ಆದರೆ ನಾಲ್ಕೇ ದಿನಗಳಲ್ಲಿ ಬೆಲ್ಲ ಒಸರಿ ಎಲ್ಲವೂ ಅಂಟಿಕೊಳ್ಳುತ್ತದೆ. ದಯವಿಟ್ಟು ಪರಿಹಾರ ತಿಳಿಸಿ.
– ಓದುಗರೊಬ್ಬರು, ಮಂಡ್ಯ

ಉತ್ತರ: ಬೆಲ್ಲಕ್ಕೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವಿರುವುದರಿಂದ, ಅದರೊಡನೆ ಸೇರುವ ಪ್ರತಿಯೊಂದು ಪದಾರ್ಥವೂ ಚೆನ್ನಾಗಿ ಒಣಗಿರಬೇಕು. ನಿಮ್ಮ ಕಡೆಯ ಆಲೆಮನೆಗಳ ಹೊಸ ಬೆಲ್ಲ ರುಚಿಗೇನೋ ಸೊಗಸು. ಆದರೂ ಇದಕ್ಕೆ ಮೆತ್ತಗಿರುವುದನ್ನು ಬಿಟ್ಟು ಗಟ್ಟಿಯಾದ ಅಚ್ಚು ಬೆಲ್ಲವನ್ನೇ ಆರಿಸಿ, ಅಡಕತ್ತರಿಯಿಂದ ಸಣ್ಣ ಚೂರುಗಳಾಗಿ ಕತ್ತರಿಸಿ, ಶುಭ್ರವಾದ ಬಟ್ಟೆಯ ಮೇಲೆ ಹರಡಿ ಎರಡು ಮೂರು ದಿನ ಬಿಸಿಲಿನಲ್ಲಿ ಒಣಗಿಸಿರಿ. ಕೊಬ್ಬರಿಯ ಕಂದು ಸಿಪ್ಪೆಯನ್ನು ಹೆರೆದು, ಅದರ ಚೂರುಗಳನ್ನು ಬೇರೆಯಾಗಿಯೇ ಒಣಗಿಸಬೇಕು; ಹಸಿ ತೆಂಗಿನಕಾಯಿ ಖಂಡಿತ ಬೇಡ. ಕಡಲೆಕಾಯಿ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಬೇಳೆ ಮಾಡಿಕೊಳ್ಳಿ. ಬಿಳಿ ಎಳ್ಳು ಚಟಪಟ ಎನ್ನುತ್ತಿದ್ದಂತೆಯೇ ಇಳಿಸಿರಿ, ಹೆಚ್ಚು ಕೆಂಪಾದರೆ ಕಹಿಯಾಗುತ್ತದೆ. ಹುರಿಗಡಲೆ ಬೆಚ್ಚಗಾದರೆ ಸಾಕು.

ಹುರಿದದ್ದು ಪೂರ್ತಿ ಆರುವ ಮೊದಲೇ ಬೆಲ್ಲದೊಡನೆ ಬೆರೆಸುವುದೇ ಹಲವರು ಮಾಡುವ ತಪ್ಪು. (ಮೈಸೂರಿನ ನಮ್ಮ ಮನೆಯಲ್ಲಿ ನಾನೂ ಒಮ್ಮೆ ಹೀಗೆ ಅವಸರಪಟ್ಟು, ಬೀರಬೇಕಾದದ್ದನ್ನು ಉಂಡೆ ಕಟ್ಟಿ ಹಂಚಿದ್ದುಂಟು.) ಬೆಲ್ಲವನ್ನು ಹಬ್ಬದ ಹಿಂದಿನ ದಿನವಷ್ಟೇ ಬೆರೆಸಿರಿ, ಸಕ್ಕರೆ ಅಚ್ಚುಗಳನ್ನು ಬೇರೆ ಡಬ್ಬಿಯಲ್ಲಿಡಿ.